ಗುಂಡುಸೂಜಿಗೆ ಹನ್ನೊಂದು ವರ್ಷ

ಜೂನ್ ೪

ಅತ್ತೆಗೆ,

ನನಗೂ ನಿಮ್ಮ ಮಗನಿಗೂ ಇನ್ನು ಸಂಬಂಧವಿಲ್ಲ ಎಂದು ಕೋರ್ಟು ಬರೆದುಕೊಟ್ಟು ಹದಿನಾಲ್ಕು ತಿಂಗಳಾಯಿತು. ಆ ಕಾಗದವನ್ನು ಎರಡು ಸಲ ಓದಿದ್ದೇನೆ, ನಿಮ್ಮ ವಿಷಯ ಅದರಲ್ಲಿ ಎಲ್ಲೂ ಇಲ್ಲ. ಹಾಗಾಗಿ ಧೈರ್ಯವಾಗಿ ಅತ್ತೆ ಎಂದೇ ಬರೆಯುತ್ತಿದ್ದೇನೆ. ಟಪಾಲು ಮಧ್ಯಾಹ್ನ ಬರುತ್ತದೆ, ಆಗ ಮನೆಯಲ್ಲಿ ನೀವೊಬ್ಬರೇ ಎಂದು ಹಿಂದೊಮ್ಮೆ ಹೇಳಿದ್ದಿರಿ. ಫೋನಿನಲ್ಲಿ ಇದೆಲ್ಲ ಹೇಳಲು ಆಗುವುದಿಲ್ಲ, ನಿಮ್ಮ ಮಗ ಪಕ್ಕದಲ್ಲೇ ಇರುತ್ತಾರೆ.

ವಿಷಯ ಪುಟ್ಟಿಯದು. ವಾರಕ್ಕೆ ಎರಡು ಸಲ ಅವಳ ಜೊತೆ ಫೋನು. "ಊಟ ಆಯ್ತಾ?" "ಹೂಂ." "ಹೊಸ ಸ್ಕೂಲ್ ಹೇಗಿದೆ?" "ಹೂಂ." ಹನ್ನೊಂದು ವರ್ಷದ ಹುಡುಗಿ ಇಷ್ಟೊಂದು ಹೂಂ ಎಲ್ಲಿಂದ ತರುತ್ತಾಳೋ ನನಗೆ ಗೊತ್ತಿಲ್ಲ. ನಮ್ಮಿಬ್ಬರ ಮಾತೆಲ್ಲ ಇದ್ದದ್ದು ಆಟದಲ್ಲಿ. ನಿಮಗೆ ನೆನಪಿರಬೇಕು, ಟಿವಿಯಲ್ಲಿ ಆಡುವ ದೋಣಿ ಆಟ. ಒಬ್ಬರು ಹುಟ್ಟು ಹಾಕಬೇಕು, ಇನ್ನೊಬ್ಬರು ಚುಕ್ಕಾಣಿ ಹಿಡಿಯಬೇಕು, ಸರಕನ್ನು ಮುಳುಗಿಸದೆ ನದಿಯ ಕೊನೆಗೆ ಮುಟ್ಟಿಸಬೇಕು. ಅವಳಿಗೆ ನಾಲ್ಕು ವರ್ಷವಿದ್ದಾಗ ಶುರು ಮಾಡಿದ್ದು. ಹುಟ್ಟು ಹಾಕುತ್ತಾ ಹಾಕುತ್ತಾ ಸ್ಕೂಲಿನ ಜಗಳ, ಹಲ್ಲು ಬಿದ್ದದ್ದು, ಟೀಚರ್ ಬೈದದ್ದು ಎಲ್ಲ ಹೇಳುತ್ತಿದ್ದಳು. ನನ್ನ ಮುಖ ನೋಡಿ ಕೇಳಿದರೆ ಒಂದೂ ಬರುತ್ತಿರಲಿಲ್ಲ.

ಈಗ ನಿಮ್ಮ ಮಗ ಅವಳಿಗೆ ಹೊಸ ಗೇಮ್ ಕನ್ಸೋಲ್ ಕೊಡಿಸಿದ್ದಾರಲ್ಲ, ಅದರ ಬಗ್ಗೆ ಒಂದು ಮಾತು. ದಿನಕ್ಕೆ ಐದಾರು ಕನ್ಸೋಲ್ ಬಿಚ್ಚಿ ರಿಪೇರಿ ಮಾಡುವವಳು ನಾನು, ಹೊಟ್ಟೆಕಿಚ್ಚಿನ ಮಾತು ಎಂದುಕೊಳ್ಳಬೇಡಿ. ಹಳೆಯವುಗಳ ಹೊಟ್ಟೆಯೊಳಗೆ ಧೂಳು ಸಿಗುತ್ತದೆ, ಜಿರಲೆ ಸಿಗುತ್ತದೆ, ಒಮ್ಮೆ ಒಂದು ಚಮಚವೇ ಸಿಕ್ಕಿತ್ತು. ಮನುಷ್ಯರಿರುವ ಮನೆಯಲ್ಲಿ ಬಾಳಿದ ವಸ್ತು ಎಂದು ಗೊತ್ತಾಗುತ್ತದೆ. ನಾಲ್ಕು ಸ್ಕ್ರೂ ತೆಗೆದರೆ ಫ್ಯಾನ್, ಇನ್ನಾರು ತೆಗೆದರೆ ಬೋರ್ಡು. ಈ ಹೊಸದಕ್ಕೆ ಡಿಸ್ಕ್ ಹಾಕುವ ಬಾಯಿಯೇ ಇಲ್ಲ. ನಾವು ಕೊಟ್ಟಿದ್ದನ್ನು ಅದು ತಿನ್ನುವುದಿಲ್ಲ, ಕಂಪನಿಯವರು ಉಣಿಸಿದ್ದನ್ನೇ ತಿನ್ನುತ್ತದೆ. ಬ್ಯಾಟರಿಯನ್ನು ಗೋಂದು ಹಾಕಿ ಅಂಟಿಸಿಬಿಟ್ಟಿದ್ದಾರೆ. ವಾರಕ್ಕೊಂದು ಅಪ್‌ಡೇಟ್, ಪ್ರತಿ ಅಪ್‌ಡೇಟಿಗೂ ಹೊಸ ನಿಯಮ. ಅದನ್ನು ಕೊಂಡವರು ಅದರ ಮಾಲೀಕರಲ್ಲ ಅತ್ತೆ, ಬಾಡಿಗೆಗಿರುವವರು.

ಇರಲಿ, ಅದನ್ನೂ ನುಂಗಿಕೊಂಡು ಅಂಥದ್ದೇ ಒಂದನ್ನು ನಾನೂ ತಂದೆ, ಅವಳ ಜೊತೆ ಆಡಬೇಕಲ್ಲ. ಹದಿನೇಳು ಸಲ ಅವಳಿಗೆ ಫ್ರೆಂಡ್ ರಿಕ್ವೆಸ್ಟ್ ಕಳಿಸಿದೆ. ಹದಿನೇಳು ಸಲವೂ ಒಂದೇ ಉತ್ತರ: "ಈ ಮಗುವಿನ ಕುಟುಂಬದ ಹೊರಗಿನ ವಯಸ್ಕರಿಗೆ ಅನುಮತಿ ಇಲ್ಲ." ಹೊತ್ತು ಹೆತ್ತವಳು ಹೊರಗಿನ ವಯಸ್ಕಳು! ನಿಮ್ಮ ಮಗ ಬೇಕೆಂದೇ ಮಾಡಿರಲಾರರು. ಮೊದಲ ದಿನ "ಶಿಫಾರಸು ಮಾಡಿದ್ದು" ಎಂಬ ಗುಂಡಿ ಕಾಣಿಸಿರುತ್ತದೆ, ಒತ್ತಿರುತ್ತಾರೆ. ಎಲ್ಲರೂ ಅದನ್ನೇ ಒತ್ತುವುದು.

ಕೆಳಗೆ ಚಿತ್ರ ಬರೆದು ತೋರಿಸಿದ್ದೇನೆ. ಮನೆಯ ಗುರುತಿನ ಗುಂಡಿ ಒತ್ತಿ, ಆಮೇಲೆ "ಕುಟುಂಬ", ಆಮೇಲೆ "ಅನುಮತಿ", ಅಲ್ಲಿ ನನ್ನ ಹೆಸರು ಇರುತ್ತದೆ, "ಸರಿ" ಅನ್ನಿ. ಅಷ್ಟೇ. ಅಕ್ಟೋಬರ್ ರಜೆಯಲ್ಲಿ ಹತ್ತು ದಿನ ಅವಳು ನನ್ನ ಹತ್ತಿರ ಬರಬಹುದು ಎಂದು ಜಡ್ಜ್ ಹೇಳಿದ್ದಾರೆ, ಆದರೆ ಬರುತ್ತೇನೆ ಎಂದು ಅವಳೇ ಬಾಯಿಬಿಟ್ಟು ಹೇಳಬೇಕಂತೆ. ಹೂಂ ಅನ್ನುವವಳು ಹೇಳುತ್ತಾಳೆಯೇ? ಅಷ್ಟರೊಳಗೆ ಅವಳಿಗೆ ನಾನು ಮತ್ತೆ ಬೇಕೆನಿಸಬೇಕು. ನನಗೆ ಗೊತ್ತಿರುವ ದಾರಿ ಇದೊಂದೇ.

ಈಗಲೂ ನಿಮ್ಮ ಸೊಸೆ


ಜೂನ್ ೧೬

ಸೊಸೆಗೆ,

ಅತ್ತೆ ಅನ್ನಲು ಅಪ್ಪಣೆ ಬೇರೆ ಕೇಳುತ್ತೀಯಲ್ಲ, ಬುದ್ಧಿ ಎಲ್ಲಿಟ್ಟಿದ್ದೀಯ?

ನೀನು ಹೇಳಿದ್ದೆಲ್ಲ ಮಾಡಿದೆ. ಎರಡು ಕೊಂಬಿನ ಆ ರಿಮೋಟನ್ನು ಕೈಯಲ್ಲಿ ಹಿಡಿದಾಗಲೇ ಗಡಗಡ ನಡುಗಿತು, ಷಾಕ್ ಹೊಡೆಯಿತೇನೋ ಎಂದು ಸೋಫಾ ಮೇಲೆ ಎಸೆದುಬಿಟ್ಟೆ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು ನಾನು. ಒಂದೇ ಹೊತ್ತಿಗೆ ನಲವತ್ತು ತಂತಿ ಚುಚ್ಚಿ ತೆಗೆದಿದ್ದೇನೆ. ಒಂದು ಆಟದ ಸಾಮಾನು ನನ್ನನ್ನು ಹೆದರಿಸುವುದೇ ಎಂದು ಮತ್ತೆ ಹಿಡಿದುಕೊಂಡೆ.

"ಅನುಮತಿ" ಒತ್ತಿದರೆ ಆರು ಅಂಕಿಯ ಗುಟ್ಟಿನ ಸಂಖ್ಯೆ ಕೇಳಿತು. ಮಗ ಹುಟ್ಟಿದ ತಾರೀಖು ಹಾಕಿದೆ, ಅಲ್ಲ ಎಂದಿತು. ಪುಟ್ಟಿಯದು ಹಾಕಿದೆ, ಅಲ್ಲ ಎಂದಿತು. ನಿಮ್ಮ ಮದುವೆಯ ತಾರೀಖು ಹಾಕಿದೆ ನೋಡು, ಬಾಗಿಲೇ ಹಾಕಿಕೊಂಡುಬಿಟ್ಟಿತು. ಅಷ್ಟೇ ಅಲ್ಲ, ಅವನ ಫೋನಿಗೆ ದೂರು ಬೇರೆ ಕೊಟ್ಟಿದೆ, ಚಾಡಿಕೋರ! ಸಂಜೆ ಬಂದವನೇ, "ಏನಮ್ಮಾ, ಗೇಮ್ ಆಡೋಕೆ ಹೋಗಿದ್ಯಂತೆ?" ಎಂದು ನಕ್ಕ. ಬೇಜಾರಾಗಿತ್ತು ಅಂದೆ. ಆಮೇಲೆ ನೇರವಾಗಿಯೇ ಕೇಳಿದೆ, "ಅವಳ ಅಮ್ಮನ್ನ ಅದರಲ್ಲಿ ಸೇರಿಸೋ, ಇಬ್ಬರೂ ಆಡ್ಕೊಳ್ಳಲಿ." ಅವನು ಸಿಟ್ಟಾಗಲಿಲ್ಲ. "ಅದನ್ನೆಲ್ಲ ಮುಟ್ಟಬೇಡಮ್ಮ. ಮಕ್ಕಳಿಗೆ ಸೇಫ್ ಇರಲಿ ಅಂತ ಕಂಪನಿಯವರೇ ಇಟ್ಟಿರೋದು. ಅವಳ ಜೊತೆ ಫೋನ್ ಇದೆಯಲ್ಲ, ಸಾಕು," ಅಂದ. ಮಾತು ಅಲ್ಲಿಗೇ ಮುಗಿಯಿತು.

ನಿನಗೆ ಉಪಯೋಗಕ್ಕೆ ಬರಬಹುದು ಎಂದು ಪರದೆಯ ಮೇಲೆ ಇದ್ದದ್ದನ್ನು ಹಾಗೇ ಕಾಗದಕ್ಕೆ ಇಳಿಸಿದ್ದೇನೆ. ಹೊರಗಿನ ವಯಸ್ಕರು: ಬೇಡ. ಗೊತ್ತಿಲ್ಲದವರ ಧ್ವನಿ: ಬೇಡ. ಅದೇ ವಯಸ್ಸಿನ ಮಕ್ಕಳು, ಬರಹದಲ್ಲಿ ಮಾತ್ರ: ಸರಿ. ಆಟದ ಸಮಯ: ಸಂಜೆ ಐದರಿಂದ ಆರು.

ಪುಟ್ಟಿಯ ವಿಷಯ ಮುಚ್ಚಿಡುವುದಿಲ್ಲ. ಮಗು ಮಂಕಾಗಿದೆ. ಹೊಸ ಸ್ಕೂಲಿನಲ್ಲಿ ಒಬ್ಬರೂ ಸ್ನೇಹಿತರಾಗಿಲ್ಲ. ಮೊನ್ನೆ ಬುತ್ತಿ ಹಾಗೇ ವಾಪಸು ತಂದಿದ್ದಳು. ಯಾಕೆ ಅಂದರೆ, "ಪಕ್ಕದಲ್ಲಿ ಯಾರೂ ಕೂತ್ಕೊಳ್ಳಲ್ಲ ಅಜ್ಜಿ, ಒಬ್ಬಳೇ ತಿನ್ನೋಕೆ ನಾಚಿಕೆ," ಅಂದಳು. ಆ ಆಟದಲ್ಲೂ ಒಬ್ಬಳೇ ದೋಣಿ ನಡೆಸುತ್ತಾಳೆ. ಸ್ವಲ್ಪ ದೂರ ಹೋಗಿ ಸುತ್ತುತ್ತಾ ನಿಂತುಬಿಡುತ್ತದೆ.

ನಿನ್ನ ಅತ್ತೆ


ಜುಲೈ ೩

ಅತ್ತೆಗೆ,

ನನಗೀಗ ಹನ್ನೊಂದು ವರ್ಷ. ಹೆಸರು ಗುಂಡುಸೂಜಿ.

ಬೈಯುವ ಮೊದಲು ಪೂರ್ತಿ ಓದಿ. ನೀವು ಇಳಿಸಿ ಕಳಿಸಿದ ಆ ನಾಲ್ಕು ಸಾಲನ್ನು ಅಂಗಡಿಯ ಮೇಜಿನ ಮೇಲಿಟ್ಟುಕೊಂಡು ಮೂರು ದಿನ ನೋಡಿದೆ. ದೊಡ್ಡವರಿಗೆ ಬಾಗಿಲಿಲ್ಲ, ಮಕ್ಕಳಿಗಿದೆ. ಹೊಸ ಅಕೌಂಟ್ ಮಾಡುವಾಗ ಹುಟ್ಟಿದ ವರ್ಷ ಕೇಳಿತು. ಮೂವತ್ತು ವರ್ಷ ಮುಂದಕ್ಕೆ ಸರಿಸಿ ಬರೆದೆ. ಯಾರೂ ಏನೂ ಕೇಳಲಿಲ್ಲ. ನಿಜವಾದ ಅಮ್ಮನನ್ನು ಹದಿನೇಳು ಸಲ ತಳ್ಳಿದ ಯಂತ್ರ ಸುಳ್ಳು ಹುಡುಗಿಗೆ ಎರಡೇ ನಿಮಿಷದಲ್ಲಿ ಸ್ವಾಗತ ಕೋರಿ ಒಂದು ಬಲೂನಿನ ಚಿತ್ರ ತೋರಿಸಿತು. ಇಷ್ಟೇ ಅತ್ತೆ ಇವರ ಸುರಕ್ಷತೆ. ಸತ್ಯ ಹೇಳಿದವರಿಗೆ ಬೀಗ.

ಅವಳು ಆಟದಲ್ಲಿ ನೀರುಕೋಳಿ ಎಂದು ಹೆಸರಿಟ್ಟುಕೊಂಡಿದ್ದಾಳೆ, ನಿಮಗೆ ಗೊತ್ತೆ? "ನೀರುಕೋಳಿ, ದೋಣಿಗೆ ಜನ ಬೇಕಾ?" ಎಂದು ಬರೆದೆ. ಆಮೇಲೆ ಬಂತು: "ಹುಟ್ಟು ಹಾಕೋಕೆ ಬರುತ್ತಾ?" ಸ್ವಲ್ಪ ಸ್ವಲ್ಪ ಬರುತ್ತದೆ ಎಂದೆ. "ಪರವಾಗಿಲ್ಲ, ಕಲಿಸಿಕೊಡ್ತೀನಿ," ಅಂದಳು. ನಾನು ಕಲಿಸಿದ್ದನ್ನು ನನಗೇ ಕಲಿಸಿದಳು, ಅದೂ ನಾನು ಹೇಳಿದ ಮಾತಿನಲ್ಲೇ. ಅಂಗಡಿಯ ಹಿಂದಿನ ಕೋಣೆಯಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದೆ.

ಈಗ ದಿನಾ ಐದಕ್ಕೆ ಅಂಗಡಿಯ ಮುಂದೆ "ಆರಕ್ಕೆ ಬನ್ನಿ" ಎಂಬ ಬೋರ್ಡು ಇಡುತ್ತೇನೆ. ಬೇಕೆಂದೇ ತಪ್ಪು ಆಡುತ್ತೇನೆ. ಚೆನ್ನಾಗಿ ಆಡಿದರೆ ಕಂಡುಹಿಡಿದುಬಿಡುತ್ತಾಳೆ, ನನ್ನ ಕೈ ಅವಳಿಗೆ ಅಷ್ಟು ಪರಿಚಯ. ಬಂಡೆಗೆ ಗುದ್ದುತ್ತೇನೆ, ಸರಕು ಬೀಳಿಸುತ್ತೇನೆ. "ಅಯ್ಯೋ ಗುಂಡುಸೂಜಿ, ನೀನು ಶುದ್ಧ ಪೆದ್ದಿ ಕಣೇ," ಎಂದು ಬೈಯುತ್ತಾಳೆ. ಓದಲು ಎಷ್ಟು ಹಿತವಾಗಿರುತ್ತದೆ ಗೊತ್ತಾ?

ಇದು ನಿಮಗೆ, ನನಗೆ ಬಿಟ್ಟು ಯಾರಿಗೂ ಗೊತ್ತಾಗಬಾರದು.

ನಿಮ್ಮ ಸೊಸೆ


ಜುಲೈ ೨೧

ಸೊಸೆಗೆ,

ನಿನ್ನ ಪತ್ರ ಓದಿದೆ. ಆ ದಿನವೇ ಬೈದು ಬರೆಯಬೇಕೆಂದು ಕೂತೆ. ಅಷ್ಟರಲ್ಲಿ ಒಳಗಿನ ಕೋಣೆಯಿಂದ ನಗು ಕೇಳಿಸಿತು. ಈ ಮನೆಗೆ ಬಂದ ಮೇಲೆ ಆ ಮಗು ನಕ್ಕದ್ದನ್ನು ನಾನು ಕೇಳಿಯೇ ಇರಲಿಲ್ಲ. ಪೆನ್ನು ಕೆಳಗಿಟ್ಟುಬಿಟ್ಟೆ. ನನ್ನದೂ ತಪ್ಪೇ.

ಊಟಕ್ಕೆ ಕೂತರೆ ಗುಂಡುಸೂಜಿ, ಎದ್ದರೆ ಗುಂಡುಸೂಜಿ. ಅವಳಿಗೆ ಗಣಿತ ಬರಲ್ಲವಂತೆ, ಅವಳ ಮನೆಯಲ್ಲಿ ಬೆಕ್ಕು ಇದೆಯಂತೆ. ಇಷ್ಟೆಲ್ಲ ಸುಳ್ಳು ಎಲ್ಲಿಂದ ಹೊಸೆಯುತ್ತೀಯೆ? ನನ್ನ ಮಗನಂತೂ, "ಕೊನೆಗೂ ಒಬ್ಬಳು ಫ್ರೆಂಡ್ ಸಿಕ್ಕಳಲ್ಲಮ್ಮ," ಎಂದು ನನ್ನ ಮುಂದೆ ಸಮಾಧಾನ ಪಟ್ಟುಕೊಂಡ. ನಾನು ತಟ್ಟೆ ನೋಡುತ್ತಾ ಕೂತೆ. ಬುತ್ತಿಯೂ ಈಗ ಖಾಲಿಯಾಗಿ ಬರುತ್ತಿದೆ. ಗುಂಡುಸೂಜಿಯೂ ಒಬ್ಬಳೇ ತಿನ್ನುತ್ತಾಳಂತೆ, ಅದಕ್ಕೆ ಇವಳಿಗೆ ನಾಚಿಕೆ ಹೋಗಿದೆ.

ಆದರೂ ಹೇಳುತ್ತೇನೆ, ಇದು ಸರಿಯಲ್ಲ. ಎಕ್ಸ್‌ಚೇಂಜಿನಲ್ಲಿ ನಮಗೆ ಮೊದಲ ದಿನ ಹೇಳಿಕೊಟ್ಟಿದ್ದು, ತಂತಿ ಸೇರಿಸು, ಕಿವಿ ತೆಗೆ. ಒಂದೇ ಒಂದು ಸಲ ನಾನು ಕಿವಿ ತೆಗೆಯಲಿಲ್ಲ. ನಮ್ಮ ಬೀದಿಯವರದೇ ಮಾತು, ನನ್ನ ಬಗ್ಗೆಯೇ ಆಡಿಕೊಳ್ಳುತ್ತಿದ್ದರು. ಆಮೇಲೆ ಎಷ್ಟೋ ವರ್ಷ ಆ ಹೆಂಗಸಿನ ಮುಖ ನೋಡಲು ಆಗಲಿಲ್ಲ, ತಪ್ಪು ಮಾಡಿದವಳು ಅವಳೋ ಎಂಬಂತೆ. ಬೇರೆಯವರಿಗೆಂದು ಹೇಳಿದ್ದನ್ನು ನಾವು ಕೇಳಿಸಿಕೊಳ್ಳಬಾರದು ಕಣೆ. ಬೇಗ ಹೇಳಿಬಿಡು.

ನಿನ್ನ ಅತ್ತೆ


ಆಗಸ್ಟ್ ೧೨

ಅತ್ತೆಗೆ,

ನೀವು ಹೇಳಿದ್ದು ನಿಜವಾಯಿತು. ಕೇಳಿಸಿಕೊಳ್ಳಬಾರದ್ದನ್ನು ಕೇಳಿಸಿಕೊಂಡೆ.

ಮಕ್ಕಳು ಕೇಳುವ ಹಾಗೆ ಸುಮ್ಮನೆ ಕೇಳಿದ್ದೆ, ನಿನ್ನ ಅಮ್ಮ ಏನು ಮಾಡ್ತಾರೆ ಅಂತ. "ಅಮ್ಮ ಇಲ್ಲ," ಎಂದು ಬರೆದಳು. ತೀರಿಕೊಂಡರಾ ಎಂದು ಕೇಳಿದೆ. "ಹಾಗಲ್ಲ. ಇದಾಳೆ. ಆದ್ರೆ ಹುಡುಕಿದ್ರೆ ಇಲ್ಲ." ದಿನಾ ಆಟ ಶುರು ಮಾಡುವ ಮೊದಲು ನನ್ನ ಹೆಸರು ಹಾಕಿ ಹುಡುಕುತ್ತಾಳಂತೆ. "ಇಂಥವರು ಯಾರೂ ಇಲ್ಲ" ಎಂದು ಬರುತ್ತದಂತೆ. ಹೊರಗಿನ ವಯಸ್ಕರನ್ನು ಮಕ್ಕಳಿಗೆ ತೋರಿಸುವುದೂ ಇಲ್ಲ ಈ ಯಂತ್ರ. ಅವಳ ಲೆಕ್ಕದಲ್ಲಿ ಅಮ್ಮ ತನ್ನ ಹೆಸರು ಅಳಿಸಿಕೊಂಡು ಹೋಗಿದ್ದಾಳೆ. "ಒಂದೇ ಒಂದು ರಿಕ್ವೆಸ್ಟ್ ಕೂಡ ಕಳಿಸಿಲ್ಲ," ಅಂದಳು. ಕಳಿಸಿರಬಹುದು, ಮೆಷೀನ್ ತೋರಿಸಿಲ್ಲವೇನೋ ಎಂದೆ. "ನಿನಗೇನು ಗೊತ್ತು, ಸುಮ್ನಿರು," ಅಂದಳು.

ಭಾನುವಾರ ಫೋನಿನಲ್ಲಿ ನಾನೇ ಹೇಳಿದೆ, ಪುಟ್ಟಿ, ನಾನು ಹದಿನೇಳು ಸಲ ಕಳಿಸಿದ್ದೆ ಕಣೇ. "ಹೂಂ," ಅಂದಳು. ಪರದೆಯಲ್ಲಿ ಬಂದಿಲ್ಲವೆಂದರೆ ಬಂದಿಲ್ಲ, ಮುಗಿಯಿತು. ಕಣ್ಣಿಗೆ ಕಂಡದ್ದನ್ನು ನಂಬು ಎಂದು ಅವಳಿಗೆ ಹೇಳಿಕೊಟ್ಟವಳು ನಾನೇ.

ಇನ್ನೊಂದು ಮಾತಿದೆ. ಅದನ್ನು ಬರೆಯಲು ನನಗೆ ನಾಲ್ಕು ದಿನ ಬೇಕಾಯಿತು.

ನಿಮ್ಮ ಮಗನ ವಕೀಲರು ಕೋರ್ಟಿನಲ್ಲಿ, "ಈ ತಾಯಿ ದಿನವಿಡೀ ವಿಡಿಯೋ ಗೇಮ್ ಆಡ್ತಾರೆ," ಎಂದು ನಕ್ಕಿದ್ದರಲ್ಲ. ಆ ನಗುವಿನಿಂದಲೇ ಮಗುವನ್ನು ಕಳೆದುಕೊಂಡೆ ಎಂದು ಹದಿನಾರು ತಿಂಗಳು ಹಲ್ಲು ಕಚ್ಚಿಕೊಂಡು ಬದುಕಿದ್ದೇನೆ. ಹಾಗಲ್ಲವಂತೆ. ಜಡ್ಜ್ ಅವಳನ್ನು ಒಳಗೆ ಕೂರಿಸಿಕೊಂಡು, ಯಾರ ಜೊತೆ ಇರ್ತೀಯ ಎಂದು ಕೇಳಿದರಂತೆ. ಅಪ್ಪ ಅಂದಳಂತೆ.

ಯಾಕೆ ಎಂದು ಬರೆದೆ. ದೋಣಿ ಒಂದೇ ಜಾಗದಲ್ಲಿ ಸುತ್ತುತ್ತಿತ್ತು. ಆಮೇಲೆ ಬಂತು: "ಅಮ್ಮ ಆಟದಲ್ಲಿ ಮಾತ್ರ ಇರ್ತಿದ್ಲು. ಟಿವಿ ಆರಿಸಿದ್ರೆ ರಿಪೇರಿ ಮೇಜಿಗೆ ಹೋಗಿಬಿಡ್ತಿದ್ಲು, ಕರೆದ್ರೂ ಕೇಳಿಸ್ತಿರ್ಲಿಲ್ಲ. ಅಪ್ಪಂಗೆ ಆಡೋಕೆ ಬರಲ್ಲ. ಆದ್ರೆ ಪಕ್ಕದಲ್ಲಿ ಕೂತಿರ್ತಾನೆ."

ಯಾರ ಮೇಲೆ ಸಿಟ್ಟು ಮಾಡಲಿ ಅತ್ತೆ? ಕಂಪನಿಯ ಮೇಲೆ, ಗೋಂದು ಹಾಕಿದ ಬ್ಯಾಟರಿಯ ಮೇಲೆ, ಬಾಯಿಲ್ಲದ ಕನ್ಸೋಲಿನ ಮೇಲೆ ಇಷ್ಟು ದಿನ ಕೂಗಾಡಿದೆ. ಆ ಮಾತು ಒಂದೂ ಈಗ ಉಪಯೋಗಕ್ಕೆ ಬರುವುದಿಲ್ಲ. ಆಟ ಆಡುವುದೇ ತಾಯ್ತನ ಎಂದುಕೊಂಡಿದ್ದೆ. ದಿನಕ್ಕೆ ಒಂದು ಗಂಟೆ ಅವಳ ಪಕ್ಕದಲ್ಲಿ ಕೂತೆ, ಆದರೆ ನೋಡಿದ್ದು ಪರದೆಯನ್ನು.

ಹೇಳಿಬಿಡು ಎಂದಿರಿ. ಹೇಳಿದರೆ ನಾಳೆಯಿಂದ ಅವಳಿಗೆ ಸ್ನೇಹಿತೆ ಇರುವುದಿಲ್ಲ, ಅಮ್ಮ ಮಾತ್ರ ಇರುತ್ತಾಳೆ. ಅವಳಿಗೆ ಬೇಕಾಗಿರುವುದು ಸ್ನೇಹಿತೆ.

ನಿಮ್ಮ ಸೊಸೆ


ಆಗಸ್ಟ್ ೨೦

ಸೊಸೆಗೆ,

ನಿನ್ನ ಪತ್ರ ಓದಿ ನನ್ನ ಮಗನ ಬಾಲ್ಯ ನೆನಪಾಯಿತು. ನಾನು ಶಿಫ್ಟ್ ಮುಗಿಸಿ ಬಂದಾಗ ನನ್ನ ಮಗನೂ ಹೀಗೇ ಏನೋ ಹೇಳಲು ಕಾದಿರುತ್ತಿದ್ದ. ನನ್ನ ಕಿವಿಯಲ್ಲಿ ಇನ್ನೂ ಬೇರೆಯವರ ಫೋನಿನ ಗಂಟೆಯೇ ಹೊಡೆದುಕೊಳ್ಳುತ್ತಿತ್ತು. ಅವನು ಮಗಳ ಪಕ್ಕದಲ್ಲಿ ಸುಮ್ಮನೆ ಕೂರುವುದನ್ನು ಅದರಿಂದಲೇ ಕಲಿತನೇನೋ.

ಅಕ್ಟೋಬರ್ ರಜೆಗೆ ಏನು ಹೇಳುತ್ತೀಯ ಎಂದು ಅವಳನ್ನು ಕೇಳಿದ್ದಾನೆ. ಯೋಚನೆ ಮಾಡಿ ಹೇಳ್ತೀನಿ ಅಂದಿದ್ದಾಳೆ. ಬೇಡ ಅನ್ನಲಿಲ್ಲ, ನೆನಪಿಟ್ಟುಕೋ. ಈ ಹೊತ್ತಿನಲ್ಲಿ ಕೈಯಾರೆ ಕೆಡಿಸಿಕೊಳ್ಳಬೇಡ. ಅವಳು ಬರಲಿ, ಎದುರಿಗೆ ಕೂರಿಸಿಕೊಂಡು ಕೈ ಹಿಡಿದು ನಿಧಾನವಾಗಿ ಹೇಳು. ಬರಹದಲ್ಲಿ ಮಾತ್ರ ಹೇಳಬೇಡ. ಇಷ್ಟು ಮಾತು ಕೇಳು.

ನಿನ್ನ ಅತ್ತೆ


ಸೆಪ್ಟೆಂಬರ್ ೧೦

ಅತ್ತೆಗೆ,

ನಿಮ್ಮ ಮಾತು ಕೇಳಲಿಲ್ಲ. ನಿಮಗೆ ಈಗಾಗಲೇ ಗೊತ್ತಾಗಿರುತ್ತದೆ, ಆದರೂ ನನ್ನ ಬಾಯಿಂದ ಕೇಳಿ.

ಸೋಮವಾರ ಐದೂಕಾಲಿಗೆ ಅವಳೇ ಬರೆದಳು: "ಗುಂಡುಸೂಜಿ, ಅಮ್ಮ ರಜೆಗೆ ಕರೀತಿದ್ದಾಳೆ. ಹೋಗ್ಲಾ ಬೇಡ್ವಾ? ನೀನು ಹೇಳಿದ ಹಾಗೆ ಮಾಡ್ತೀನಿ."

ಎರಡು ಅಕ್ಷರ ಸಾಕಿತ್ತು. "ಹೋಗು" ಎಂದು ಬರೆದೂ ಬರೆದೆ. ಕಳಿಸುವ ಗುಂಡಿಯ ಮೇಲೆ ಹೆಬ್ಬೆರಳು ಇತ್ತು. ಆಗ ಅನ್ನಿಸಿತು, ಬಂದರೆ ಅವಳು ಯಾರ ಮಾತಿಗೆ ಬಂದ ಹಾಗಾಯಿತು? ನನ್ನ ಮಗುವನ್ನು ನಾನೇ ಮೋಸ ಮಾಡಿ ಮನೆಗೆ ಕರೆಸಿಕೊಳ್ಳುವುದೇ? ಅಳಿಸಿದೆ. "ಪುಟ್ಟಿ, ನಾನು ಅಮ್ಮ ಕಣೇ," ಎಂದು ಬರೆದೆ.

ದೋಣಿ ನಿಂತುಹೋಯಿತು. "ಸುಳ್ಳು," ಅಂದಳು.

ಅಲ್ಲಿಗೆ ನಿಲ್ಲಿಸಿದ್ದರೆ ತಮಾಷೆ ಎಂದಾದರೂ ಹೋಗುತ್ತಿತ್ತು. ನಂಬಿಸಬೇಕೆಂಬ ಹುಚ್ಚು ಹಿಡಿಯಿತು ನನಗೆ. ಅವಳ ಎಡಮೊಣಕಾಲಿನ ಗಾಯದ ಗುರುತು ಬರೆದೆ. ಮಲಗುವಾಗ ದಿಂಬಿನ ಯಾವ ಮೂಲೆ ಹಿಡಿದುಕೊಳ್ಳುತ್ತಾಳೆ ಎಂದು ಬರೆದೆ. ಈಗಿರುವ ಮನೆಯಲ್ಲಿ ಅವಳ ಕೋಣೆ ಯಾವ ಕಡೆಗಿದೆ, ಅಪ್ಪ ಎಷ್ಟು ಗಂಟೆಗೆ ಬರುತ್ತಾರೆ, ಅದನ್ನೂ ಬರೆದೆ. ಒಂದರ ಮೇಲೊಂದು ಬರೆಯುತ್ತಲೇ ಹೋದೆ. ಇನ್ನಷ್ಟು ಹೇಳಿದರೆ ನಂಬುತ್ತಾಳೆ, ಇನ್ನೊಂದು ಹೇಳಿದರೆ ನಂಬುತ್ತಾಳೆ ಎಂದು. ಅವಳ ಕಡೆಯಿಂದ ನೋಡಿ ಅತ್ತೆ. ಎರಡು ತಿಂಗಳು ಮಗುವಿನ ಹಾಗೆ ನಟಿಸಿದ ಯಾರೋ ಒಬ್ಬರು ನಿನ್ನ ಮೈಮೇಲಿನ ಗುರುತು, ನಿನ್ನ ಮನೆಯ ಬಾಗಿಲು, ಅಪ್ಪ ಇಲ್ಲದ ಹೊತ್ತು ಎಲ್ಲ ಗೊತ್ತು ಎನ್ನುತ್ತಿದ್ದಾರೆ. ಅವಳು ಮಾಡಬೇಕಾದ್ದನ್ನೇ ಮಾಡಿದಳು. "ಈ ಆಟಗಾರ ಹೊರಟುಹೋಗಿದ್ದಾರೆ" ಎಂದು ಬಂತು. ಕಾಲು ಗಂಟೆಯಲ್ಲಿ ನನ್ನ ಅಕೌಂಟಿಗೆ ಬೀಗ. ಮಗುವಿನ ಸೋಗಿನಲ್ಲಿದ್ದ ವಯಸ್ಕ ವ್ಯಕ್ತಿ ಎಂದು ದೂರು ಬಂದಿದೆಯಂತೆ. ನದಿ, ನಾವಿಬ್ಬರೂ ಕಟ್ಟಿದ ಏಳು ಕಟ್ಟೆ, ಗುಡಿಸಲು, ಎಲ್ಲ ಆ ಅಕೌಂಟಿನ ಹೆಸರಿನಲ್ಲೇ ಇದ್ದವು. ಎಲ್ಲ ಹೋಯಿತು.

ನನ್ನ ಮಗಳು ಸರಿಯಾದ ಗುಂಡಿ ಒತ್ತಿದಳು. ಬೇರೆ ಯಾರೇ ಆಗಿದ್ದರೂ ಅವಳ ಬೆನ್ನು ತಟ್ಟಿ ಮುದ್ದಿಸುತ್ತಿದ್ದೆ. ಈ ಒಂದು ಸಲ ಆ ಯಂತ್ರವೂ ತಪ್ಪು ಮಾಡಲಿಲ್ಲ.

ಅವಳು ಹೆದರಿದ್ದಾಳಾ? ರಾತ್ರಿ ನಿದ್ದೆ ಮಾಡುತ್ತಾಳಾ? ಇಷ್ಟಾದರೂ ತಿಳಿಸಿ.

ನಿಮ್ಮ ಸೊಸೆ


ಸೆಪ್ಟೆಂಬರ್ ೨೪

ಸೊಸೆಗೆ,

ಮೊದಲ ಎರಡು ದಿನ ನನ್ನ ಪಕ್ಕದಲ್ಲೇ ಮಲಗಿದಳು. ಕಿಟಕಿ ಹಾಕು ಅಜ್ಜಿ, ಚಿಲಕ ನೋಡು ಅಜ್ಜಿ. ಆಮೇಲೆ ನಾನು ತಡೆಯಲಾರದೆ ಎಲ್ಲ ಹೇಳಿಬಿಟ್ಟೆ, ಅವಳಿಗೂ, ಅವನಿಗೂ. ಅವನು ಅಷ್ಟರಲ್ಲಾಗಲೇ ದೂರು ಕೊಡಲೆಂದು ವಕೀಲರ ಮನೆಗೆ ಹೊರಟು ನಿಂತಿದ್ದ. ಚಪ್ಪಲಿ ಬಿಚ್ಚಿ ಕುರ್ಚಿಯ ಮೇಲೆ ಕೂತ. "ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ ಅವಳು," ಅಂದ. ಕೇಳಿದ್ದೆನಲ್ಲೋ, ನಾನೇ ಕೇಳಿದ್ದೆ ಅಂದೆ. ಆಮೇಲೆ ಫೋನಿನಲ್ಲಿ ಹುಡುಕಿ ಹುಡುಕಿ ತೆಗೆದ. ನಿನ್ನ ಹದಿನೇಳೂ ರಿಕ್ವೆಸ್ಟು ಅವನ ಇ-ಮೇಲಿಗೇ ಬಂದು ಕೂತಿದ್ದವು, ಒಂದನ್ನೂ ತೆರೆದಿರಲಿಲ್ಲ. ಜಾಹೀರಾತು ಎಂದುಕೊಂಡಿದ್ದನಂತೆ.

ಅವನೇ ಪುಟ್ಟಿಗೆ ತೋರಿಸಿದ. "ನೋಡು ಮಗಾ, ಅಮ್ಮ ಕಳಿಸಿದ್ಲು." ಒಂದೊಂದನ್ನೂ ಬೆರಳಿನಿಂದ ಸರಿಸಿ ತಾರೀಖು ನೋಡಿದಳು. ಈಗ ಅಳುತ್ತಾಳೆ, ಅಮ್ಮನಿಗೆ ಫೋನ್ ಹಚ್ಚು ಅನ್ನುತ್ತಾಳೆ ಎಂದುಕೊಂಡೆ. "ಹೂಂ," ಅಂದಳು. ಫೋನ್ ವಾಪಸು ಕೊಟ್ಟಳು. ರಜೆಗೆ ಹೋಗಲ್ಲ ಅಂದಳು. ಅವನು, "ಯೋಚನೆ ಮಾಡು," ಎಂದು ಎರಡು ಸಲ ಹೇಳಿದ. ಅವನನ್ನು ಬೈಯಬೇಡ.

ಕನ್ಸೋಲನ್ನು ತಾನೇ ಡಬ್ಬಿಗೆ ಹಾಕಿ, ತಂತಿ ಸುತ್ತಿ, ಬೀರುವಿನ ಮೇಲೆ ಇಟ್ಟಿದ್ದಾಳೆ. ಬುತ್ತಿ ಮತ್ತೆ ಹಾಗೇ ಬರುತ್ತಿದೆ.

ನಿನ್ನೆ ಸ್ಕೂಲಿನಿಂದ ಬಂದವಳೇ ಅಂಟಿಸಿದ ಲಕೋಟೆ ತಂದುಕೊಟ್ಟು, ಇದನ್ನು ನಿನ್ನ ಪತ್ರದ ಜೊತೆ ಹಾಕಿ ಕಳಿಸು ಅಜ್ಜಿ, ಅಂದಳು. ಯಾರಿಗೆ ಎಂದು ಮೇಲೆ ಬರೆದಿದ್ದಾಳೆ, ನೋಡು. ನಾನು ಬಿಚ್ಚಿಲ್ಲ. ಏನು ಮಾಡಬೇಕೆಂದು ಹೇಳಲು ಈ ಸಲ ನನಗೂ ಗೊತ್ತಾಗುತ್ತಿಲ್ಲ ಮಗಳೇ.

ನಿನ್ನ ಅತ್ತೆ


ಸೆಪ್ಟೆಂಬರ್ ೨೩

ಗುಂಡುಸೂಜಿಗೆ,

ಇದು ನಿನಗೆ ಮಾತ್ರ. ಅಮ್ಮ ಓದಬಾರದು.

ನೀನು ಇಲ್ಲ ಅಂತ ಎಲ್ಲರೂ ಹೇಳ್ತಿದ್ದಾರೆ. ನನಗೂ ಗೊತ್ತು, ನಾನು ಚಿಕ್ಕವಳಲ್ಲ. ಆದ್ರೂ ಬರೀತಿದ್ದೀನಿ, ಯಾಕಂದ್ರೆ ಬೇರೆ ಯಾರಿಗೆ ಬರೆಯೋದು ಅಂತ ಗೊತ್ತಾಗ್ಲಿಲ್ಲ.

ನಿನ್ನ ಬೆಕ್ಕು ಕೂಡ ಸುಳ್ಳಾ? ಅದಕ್ಕೆ ಹೆಸರಿಡೋಕೆ ಒಂದು ವಾರ ಯೋಚನೆ ಮಾಡಿದ್ದೆ.

ರಿಪೋರ್ಟ್ ಮಾಡಿದ್ದಕ್ಕೆ ಸಾರಿ. ನನಗೆ ಭಯ ಆಯ್ತು. ನಿನಗೆ ಏನೋ ಆಗಿದೆ, ಬೇರೆ ಯಾರೋ ನಿನ್ನ ಕಂಟ್ರೋಲರ್ ಕಿತ್ಕೊಂಡು ಬರೀತಿದ್ದಾರೆ ಅಂದ್ಕೊಂಡೆ. ನಿನ್ನನ್ನ ಕಾಪಾಡೋಕೇ ಒತ್ತಿದ್ದು.

ಒಂದು ವಿಷಯ ಕೇಳಬೇಕು. ಆ ದೊಡ್ಡ ಜಲಪಾತದ ಹತ್ತಿರ ನಾನು ನೀರಿಗೆ ಬಿದ್ನಲ್ಲ, ಇನ್ನೂರು ಮೂಟೆ ಇತ್ತು, ದಡ ಕಾಣ್ತಿತ್ತು. ನೀನು ಚುಕ್ಕಾಣಿ ಬಿಟ್ಟು ನನ್ನ ಹಿಂದೆ ಹಾರಿಬಿಟ್ಟೆ. ದೋಣಿ ಒಡೆದುಹೋಯ್ತು. ಪೆದ್ದಿ, ಯಾಕೆ ಹಾರಿದೆ ಅಂತ ಬೈದೆ. ಆದ್ರೆ ಆ ದಿನ ನನಗೆ ಎಷ್ಟು ಖುಷಿಯಾಗಿತ್ತು ಅಂದ್ರೆ, ಮಾರನೇ ದಿನ ಸ್ಕೂಲಲ್ಲಿ ಒಬ್ಬಳೇ ಕೂತಿದ್ರೂ ಏನೂ ಅನ್ನಿಸಲಿಲ್ಲ.

ಅಮ್ಮ ಆಗಿದ್ರೆ ಹಾರ್ತಿರಲಿಲ್ಲ. ನಾನು ಬಿದ್ದಾಗೆಲ್ಲ, "ನೀನು ಈಜ್ಕೊಂಡು ಬಾ, ನಾನು ದೋಣಿ ನೋಡ್ಕೋತೀನಿ," ಅಂತಿದ್ಲು. ಅದಕ್ಕೇ ನನಗೆ ಡೌಟ್.

ಅವತ್ತು ಹಾರಿದ್ದು ನೀನಾ, ಅಮ್ಮನಾ? ಅಮ್ಮ ಆಗಿದ್ರೆ ನನಗೆ ಇನ್ನು ಯಾರೂ ಇಲ್ಲ ಅಂತ ಅರ್ಥ. ನೀನಾಗಿದ್ರೆ ಒಂದ್ ಸಲ ಬರೆದು ಹೇಳು, ಸಾಕು. ಇನ್ನೇನೂ ಕೇಳಲ್ಲ.

ನಿನ್ನ
ನೀರುಕೋಳಿ


ಅಕ್ಟೋಬರ್ ೧

ನೀರುಕೋಳಿಗೆ,

ನನ್ನ ಅಕ್ಷರ ಸೊಟ್ಟಪಟ್ಟ ಇದೆ, ನಗಬೇಡ. ಈ ಕೈಯಲ್ಲಿ ಬರೆದು ನನಗೆ ಅಭ್ಯಾಸ ಇಲ್ಲ.

ನಿನ್ನ ಪತ್ರ ನನಗೇ ಬಂತು. ನಿನ್ನ ಅಮ್ಮ ಓದಿಲ್ಲ. ಬೆಕ್ಕು ಇದೆ, ನೀನಿಟ್ಟ ಹೆಸರೇ ಅದಕ್ಕೆ. ನೀನು ಗುಂಡಿ ಒತ್ತಿದ್ದಕ್ಕೆ ನನಗೆ ಒಂಚೂರೂ ಕೋಪ ಇಲ್ಲ. ಮುಂದೆಯೂ ಭಯ ಆದರೆ ಹಾಗೇ ಮಾಡು, ಯಾರೇ ಆಗಿರಲಿ.

ನಾನು ಇನ್ನು ಆಟಕ್ಕೆ ಬರಲ್ಲ. ಬುತ್ತಿ ಪೂರ್ತಿ ತಿನ್ನು. ನಾಚಿಕೆ ಆದರೆ ಅಲ್ಲೇ ಒಬ್ಬಳೇ ಕೂತಿರುವ ಇನ್ನೊಬ್ಬಳನ್ನು ಹುಡುಕು, ಒಬ್ಬಳಾದರೂ ಇದ್ದೇ ಇರುತ್ತಾಳೆ.

ಕೇಳಿದೆಯಲ್ಲ, ಅವತ್ತು ನೀರಿಗೆ ಹಾರಿದ್ದು ನಾನೇ. ನಿನ್ನ ಅಮ್ಮ ಅಲ್ಲ.

ಗುಂಡುಸೂಜಿ